ರಾಯ್ಸ್ ಕೊಡಿಸಿದ ಪಿಸ್ತೂಲು

ಮೇದೋಜ್ಜೀರಕದಲ್ಲಿ ಕ್ಯಾನ್ಸರ್ ಇದೆ ಎಂದು ಡಾಕ್ಟರು ಹೇಳಿದ ವಾರದಲ್ಲೇ ರಾಯ್ಸ್ ಟ್ಯಾಕೆಟ್ ತನ್ನ ಬಂದೂಕುಗಳನ್ನೆಲ್ಲ ಪಿಕಪ್ಪಿಗೆ ಹೇರಿಕೊಂಡು ಹೋಗಿ ತಮ್ಮ ಡೆಲ್ಬರ್ಟ್‌ನ ಮನೆಯಲ್ಲಿ ಇಳಿಸಿ ಬಂದ. ಜಿಂಕೆ ಬೇಟೆಯ ರೈಫಲ್ಲು, ಅಪ್ಪನ ಕಾಲದ ಶಾಟ್‌ಗನ್ನು, ಗ್ಯಾಸ್ ಲಾರಿ ಓಡಿಸುತ್ತಿದ್ದ ವರ್ಷಗಳಲ್ಲೆಲ್ಲ ಅಂಗಿಯ ಕೆಳಗೆ ಸೊಂಟಕ್ಕೆ ಕಟ್ಟಿಕೊಂಡು ತಿರುಗಿದ ದಪ್ಪ ಪಿಸ್ತೂಲು, ಒಂದನ್ನೂ ಉಳಿಸಿಕೊಳ್ಳಲಿಲ್ಲ. ಶಾಲೆಯ ಅಡುಗೆಮನೆಯ ಕೆಲಸ ಮುಗಿಸಿ ಹೆಂಡತಿ ನೆಲ್ಡಾ ಮನೆಗೆ ಬಂದಾಗ ಹಜಾರದ ಗೋಡೆಯ ಕೊಕ್ಕೆಗಳು ಬೋಳಾಗಿದ್ದವು.

"ಮಾರಿಬಿಟ್ಯಾ?" ಎಂದಳು.

"ಡೆಲ್ಬರ್ಟ್‌ಗೆ ಕೊಟ್ಟೆ. ಹುಟ್ಟಿದಾಗಿಂದ ಅವುಗಳ ಮೇಲೆ ಕಣ್ಣು ಹಾಕ್ಕೊಂಡು ಕೂತಿದ್ದ, ತಿಂದುಕೊಳ್ಳಲಿ."

ಸಾಯುವವನು ಸಾಮಾನು ಹಂಚುತ್ತಿದ್ದಾನೆ ಎಂದು ನೆಲ್ಡಾ ಅಂದುಕೊಂಡಳು. ಹಾಗೆ ಅಂದುಕೊಂಡದ್ದಕ್ಕೆ ತನ್ನ ಮೇಲೇ ಸಿಟ್ಟು ಬಂದು, ಒಲೆಯ ಮೇಲೆ ಬಾಣಲೆಯನ್ನು ಕುಕ್ಕಿ ಇಟ್ಟಳು.

ಆದರೆ ಆ ಶನಿವಾರ ಅವನೇ ಒಂದು ಪುಟ್ಟ ಪೆಟ್ಟಿಗೆ ಹಿಡಿದುಕೊಂಡು ಬಂದ. ಒಳಗೆ ಅಂಗೈಗಿಂತ ಸ್ವಲ್ಪವೇ ದೊಡ್ಡದಾದ ಕರಿಯ ಪಿಸ್ತೂಲು.

"ಇದು ನಿನಗೆ."

"ನನಗ್ಯಾತಕ್ಕೆ? ಮಕ್ಕಳ ತಟ್ಟೆಗೆ ಬಟಾಣಿ ಹಾಕೋಳು ನಾನು. ಬಟಾಣಿ ಬೇಡ ಅಂದೋರಿಗೆ ಗುಂಡು ಹೊಡೀಲಾ?"

"ಬೆಳಗ್ಗೆ ಕತ್ತಲಲ್ಲಿ ಹೊರಡ್ತೀಯ. ಈ ಜಲ್ಲಿ ರಸ್ತೇಲಿ ಕೂಗಿಕೊಂಡರೂ ಕೇಳೋಕೆ ಒಂದು ನರಪಿಳ್ಳೆ ಇಲ್ಲ. ಇಷ್ಟು ದಿನ ನಾನಿದ್ದೆ."

"ಈಗಲೂ ಇದೀಯಲ್ಲ."

ರಾಯ್ಸ್ ಊಟದ ಮೇಜಿನ ಮೇಲೆ ಹಳೆಯ ಟವೆಲ್ಲೊಂದನ್ನು ಹಾಸಿ, "ಬಾ, ಕೂತ್ಕೋ" ಎಂದ.

ಅವರಿಬ್ಬರಿಗೆ ಮಕ್ಕಳಿರಲಿಲ್ಲ. ಅಮೆರಿಕದ ಅರ್ಕನ್ಸಾ ರಾಜ್ಯದ ಆ ಗುಡ್ಡಗಳ ನಡುವೆ, ಪುಟ್ಟ ಊರಿನಿಂದಲೂ ಆಚೆಗೆ, ಮೂವತ್ತು ವರ್ಷ ಒಟ್ಟಿಗೆ ಬಾಳಿದ್ದರು. ರಾಯ್ಸ್ ಬಾಯಿಬಡುಕ, ಲಾರಿ ನಿಲ್ಲಿಸಿದ ಕಡೆಯೆಲ್ಲ ಒಂದು ಕಥೆ ಹೇಳಿ ಬರುವವನು. ನೆಲ್ಡಾ ಕಡಿಮೆ ಮಾತಿನವಳು, ಆದರೆ ಆಡಿದರೆ ಚುರುಕು. ಪಿಸ್ತೂಲಿನ ಗೊಡವೆ ಎಂದೂ ಅವಳಿಗೆ ಬೇಕಿರಲಿಲ್ಲ. ಅವತ್ತು ಕೂತದ್ದು ಅವನ ಮುಖ ನೋಡಿ ಅಷ್ಟೇ. ಆಗಲೇ ಕೆನ್ನೆ ಒಳಕ್ಕೆ ಹೋಗಿತ್ತು.

"ಹೊಸದು ಅಂದ್ರೆ ತಯಾರಾಗಿದೆ ಅಂತ ಅಲ್ಲ," ಎಂದು ರಾಯ್ಸ್ ಶುರು ಮಾಡಿದ. "ಕಾರ್ಖಾನೇಲಿ ತುಕ್ಕು ಹಿಡೀಬಾರದು ಅಂತ ಬಳಿದ ಜಿಡ್ಡು ಇರುತ್ತೆ. ಮೊದಲು ಅದನ್ನ ತೆಗೀಬೇಕು. ಮುಟ್ಟೋಕೆ ಮುಂಚೆ ಏನು ಮಾಡ್ಬೇಕು ಹೇಳು."

"ಕೈ ತೊಳೀಬೇಕು."

"ಅಯ್ಯೋ ನಿನ್ನ! ಖಾಲಿ ಇದೆಯಾ ನೋಡ್ಬೇಕು ಕಣೇ. ಹಿಡಿಕೆ ಒಳಗಿನ ಗುಂಡಿನ ಡಬ್ಬಿ, ಆ ಮ್ಯಾಗಜೀನ್ ಕೆಳಗೆ ಬೀಳಿಸು. ಮೇಲಿನ ಸ್ಲೈಡು ಹಿಂದಕ್ಕೆ ಎಳಿ. ಕಣ್ಣಲ್ಲಿ ನೋಡು, ಆಮೇಲೆ ಕಿರುಬೆರಳು ಹಾಕಿ ನೋಡು. ಕಣ್ಣು ಸುಳ್ಳು ಹೇಳುತ್ತೆ."

ನೆಲ್ಡಾ ಸ್ಲೈಡು ಎಳೆಯಲು ಹೋದಳು. ಅದು ಜಗ್ಗಲಿಲ್ಲ. ಹೊಸ ಸ್ಪ್ರಿಂಗು ಬಿಗಿಯಾಗಿತ್ತು. ರಾಯ್ಸ್ ಹಿಂದಿನಿಂದ ಬಂದು, ಅವಳ ಎರಡೂ ಕೈಗಳ ಮೇಲೆ ತನ್ನ ಕೈಯಿಟ್ಟು, ಎಳೆಯುವುದಕ್ಕಿಂತ ಹಿಡಿಕೆಯನ್ನು ಮುಂದಕ್ಕೆ ತಳ್ಳುವುದು ಸುಲಭ ಎಂದು ತೋರಿಸಿದ. ಪಿಸ್ತೂಲನ್ನು ಬಿಚ್ಚಿ, ನಳಿಗೆಗೆ ಬ್ರಷ್ಷು ತೂರಿಸಿ, ಚಿಂದಿ ಬಟ್ಟೆಯಲ್ಲಿ ಒರೆಸಿ, ಉಜ್ಜಾಡುವ ಕಡೆಗಳಲ್ಲಿ ಮಾತ್ರ ಒಂದೊಂದು ಹನಿ ಎಣ್ಣೆ ಬಿಡಿಸಿದ. ಎಣ್ಣೆ ಹೆಚ್ಚಾದರೆ ಬಟ್ಟೆಯ ಎಳೆ, ಧೂಳು ಎಲ್ಲ ಅಂಟಿಕೊಂಡು ಗಸಿಯಾಗುತ್ತದೆ, ಮೈಮೇಲೆ ಇಟ್ಟುಕೊಳ್ಳುವ ಪಿಸ್ತೂಲಿಗೆ ಅದೇ ದೊಡ್ಡ ಶತ್ರು ಎಂದ. ಇಬ್ಬರ ಬೆರಳುಗಳೂ ಕಪ್ಪಾದವು. ಮುಗಿಯುವ ಹೊತ್ತಿಗೆ ಸಾರು ತಣ್ಣಗಾಗಿತ್ತು. ಅದನ್ನೇ ಜೋಳದ ರೊಟ್ಟಿಯ ಜೊತೆ ತಿಂದರು. ರಾಯ್ಸ್ ಎರಡು ಚಮಚಕ್ಕಿಂತ ಹೆಚ್ಚು ತಿನ್ನಲಾರದೆ ಹೋದ.

ಡೆಲ್ಬರ್ಟ್‌ನ ಹುಲ್ಲುಗಾವಲಿನ ಹಿಂದೆ ಹಳೆಯ ಜಲ್ಲಿ ಗುಂಡಿಯೊಂದಿತ್ತು. ಮೂರು ಕಡೆ ಮಣ್ಣಿನ ದಿಬ್ಬ. ಪಿಸ್ತೂಲನ್ನು ಪಳಗಿಸಲು ರಾಯ್ಸ್ ಅವಳನ್ನು ಕರೆದುಕೊಂಡು ಹೋದದ್ದು ಅಲ್ಲಿಗೆ. ಮೊದಲು ಇನ್ನೂರು ಸಾದಾ ಗುಂಡು ಹಾರಿಸಬೇಕು, ಒಳಗಿನ ಲೋಹಗಳು ಒಂದಕ್ಕೊಂದು ಉಜ್ಜಿ ಹೊಂದಿಕೊಳ್ಳಬೇಕು. ಆಮೇಲೆ ದಿನವೂ ತುಂಬಿಟ್ಟುಕೊಳ್ಳುವ ಗುಂಡುಗಳನ್ನೇ ಒಂದಷ್ಟು ಹಾರಿಸಿ ನೋಡಬೇಕು. ಎಲ್ಲೂ ಸಿಕ್ಕಿಕೊಳ್ಳದೆ ನಡೆದರೆ ಮಾತ್ರ ಅದನ್ನು ನಂಬಬಹುದು. ಇದು ಅವನ ಲೆಕ್ಕ.

ನೆಲ್ಡಾ ಮೊದಲ ಗುಂಡಿಗೆ ಕಣ್ಣು ಮುಚ್ಚಿದಳು. ಎರಡನೆಯದಕ್ಕೂ ಮುಚ್ಚಿದಳು. ಮ್ಯಾಗಜೀನಿನ ಅರ್ಧಕ್ಕೆ ಬರುವಷ್ಟರಲ್ಲಿ ಪಿಸ್ತೂಲು ಬಾಯಿ ಕಚ್ಚಿಕೊಂಡು ನಿಂತಿತು. ಹಾರಿ ಬೀಳಬೇಕಿದ್ದ ಖಾಲಿ ತೋಟಾ ಸ್ಲೈಡಿನ ಬಾಯಲ್ಲಿ ನೆಟ್ಟಗೆ ಸಿಕ್ಕಿಕೊಂಡಿತ್ತು.

"ರಾಯ್ಸ್, ನೋಡೋ ಇಲ್ಲಿ. ನಿನ್ನ ಪಿಸ್ತೂಲು ಸಿಗರೇಟು ಸೇದ್ತಾ ನಿಂತಿದೆ."

ರಾಯ್ಸ್ ಹೊಟ್ಟೆ ಹಿಡಿದುಕೊಂಡು ನಕ್ಕ. ನಗುತ್ತ ನಗುತ್ತ ನೋವು ಬಂದು ಪಿಕಪ್ಪಿಗೆ ಒರಗಿಕೊಂಡ. "ಅದರ ತಪ್ಪಲ್ಲ, ನಿನ್ನ ಮಣಿಕಟ್ಟಿನ ತಪ್ಪು. ಹೂವು ಹಿಡಿದ ಹಾಗೆ ಹಿಡೀತೀಯ. ಬಿಗಿ ಹಿಡಿ. ಕೆಳಗಿಂದ ಮ್ಯಾಗಜೀನಿಗೆ ಒಂದು ಏಟು ಹಾಕು, ಸ್ಲೈಡು ಎಳಿ, ಬಿಡು. ಯೋಚನೆ ಮಾಡ್ತಾ ನಿಲ್ಲಬೇಡ."

ಆ ಬೇಸಿಗೆಯ ಮೊದಲ ವಾರಗಳು ಹೀಗೇ ಹೋದವು. ಶಾಲೆಗೆ ರಜೆ. ರಾಯ್ಸ್‌ಗೆ ಮೈ ಹಗುರವಾಗಿದ್ದ ದಿನ ಇಬ್ಬರೂ ಜಲ್ಲಿ ಗುಂಡಿಗೆ ಹೋಗುವರು. ಕೆಲವೊಮ್ಮೆ ಡೆಲ್ಬರ್ಟ್ ತನ್ನ ಹಸುಗಳನ್ನು ಬಿಟ್ಟು ಬಂದು, ಬೇಲಿಗೆ ಮೊಣಕೈ ಊರಿ ನಿಂತು, "ನೆಲ್ಡಾ, ದಿಬ್ಬ ಇರೋದು ಎಡಕ್ಕೆ" ಎಂದು ಕೆಣಕುವನು. "ನೀನು ಹಾಗೇ ನಿಂತಿರು ಡೆಲ್ಬರ್ಟ್, ನಿನ್ನನ್ನೇ ಗುರಿ ಇಟ್ಟರೆ ದಿಬ್ಬಕ್ಕೆ ಬೀಳುತ್ತೆ" ಎಂದು ಅವಳು ಅನ್ನುವಳು. ಮನೆಗೆ ಬಂದ ಮೇಲೆ ಅದೇ ಟವೆಲ್ಲು, ಅದೇ ಬ್ರಷ್ಷು. ಬರಬರುತ್ತಾ ಪಿಸ್ತೂಲಿನ ಬಿಗಿ ಸಡಿಲಿತು. ಸ್ಲೈಡು ಅವಳ ಕೈಗೆ ಒಗ್ಗಿತು. ತೋಟಾ ಸಿಕ್ಕಿಕೊಳ್ಳುವುದು ನಿಂತೇ ಹೋಯಿತು.

ರಾಯ್ಸ್ ಮಾತ್ರ ದಿನೇ ದಿನೇ ಇಳಿದ. ಒಂದು ದಿನ ಗುಂಡಿಯ ಬಳಿ, ಹೇಗೆಂದು ತೋರಿಸಲು ಪಿಸ್ತೂಲು ತೆಗೆದುಕೊಂಡವನಿಗೆ ಸ್ಲೈಡು ಎಳೆಯಲು ಆಗಲಿಲ್ಲ. ಎರಡು ಸಲ ನೋಡಿದ. ಮೂರನೆಯ ಸಲಕ್ಕೆ ಅದನ್ನು ಅವಳ ಕೈಗಿತ್ತು, "ನೀನೇ ಎಳಿ, ನಿನಗೇ ಅಭ್ಯಾಸ ಆಗಲಿ" ಎಂದ. ನೆಲ್ಡಾ ಏನೂ ಕಾಣದವಳಂತೆ ಎಳೆದಳು.

ಅವತ್ತು ಅವನು ಹೆಚ್ಚು ಹೊತ್ತು ನಿಲ್ಲಲಿಲ್ಲ. ಪಿಕಪ್ಪಿನ ಹಿಂಬಾಗಿಲು ಇಳಿಸಿ ಅದರ ಮೇಲೆ ಕೂತ. ಅವಳನ್ನೂ ಪಕ್ಕಕ್ಕೆ ಕರೆದ.

"ನಮ್ಮಪ್ಪ ಹೇಗೆ ಹೋದ ಅಂತ ನಿನಗೆ ಹೇಳಿದ್ದೆ."

"ಕೊಟ್ಟಿಗೇಲಿ ಬಂದೂಕು ಸ್ವಚ್ಛ ಮಾಡುವಾಗ ಅಂತ."

"ಊರಿಗೆಲ್ಲ ಹಾಗೇ ಹೇಳಿದ್ವಿ. ಅಪ್ಪನಿಗೂ ಇದೇ ಕಾಯಿಲೆ. ಬಂದೂಕು ಸ್ವಚ್ಛವಾಗೇ ಇತ್ತು ನೆಲ್." ಅವನು ದಿಬ್ಬವನ್ನೇ ನೋಡುತ್ತಿದ್ದ. "ಅಮ್ಮ ನಮ್ಮನ್ನ ಒಳಗೆ ಬಿಡಲಿಲ್ಲ. ಒಬ್ಬಳೇ ಬಕೆಟ್ಟು ತಗೊಂಡು ಹೋಗಿ ಆ ಗೋಡೆ ತೊಳೆದಳು. ನಾನೂ ಡೆಲ್ಬರ್ಟೂ ಹೊರಗೆ ಅಂಗಳದಲ್ಲಿ ನಿಂತು ಆ ಉಜ್ಜೋ ಸದ್ದು ಕೇಳಿಸಿಕೊಂಡ್ವಿ. ಅವಳು ಆಮೇಲೆ ಬದುಕಿದ್ದಳು ಅಷ್ಟೇ. ನಕ್ಕಿದ್ದನ್ನ ನಾನು ನೋಡಲೇ ಇಲ್ಲ."

ಬೋಳು ಕೊಕ್ಕೆಗಳ ಅರ್ಥ ನೆಲ್ಡಾಳಿಗೆ ಈಗ ಆಯಿತು.

"ಹಾಗಾದ್ರೆ ಇದನ್ನ ಯಾಕೆ ತಂದೆ? ಇದೂ ಡೆಲ್ಬರ್ಟ್ ಹತ್ರ ಹೋಗಲಿ."

"ನೀನು ಒಬ್ಬಳೇ ಆಗ್ತೀಯ. ಅದು ಬೇಕು ನಿನಗೆ. ಆಮೇಲೆ ಕಲಿಸೋಕೆ ನಾನು ಇರಲ್ಲ, ಈಗಲೇ ಕಲಿಸಬೇಕು." ಅವಳ ಕೈ ಹಿಡಿದುಕೊಂಡ. "ಆದ್ರೆ ಡ್ರಾಯರಿನಲ್ಲಿ ಇಡಬೇಡ. ಕಪಾಟಿನಲ್ಲಿ ಇಡಬೇಡ. ಈ ಮನೇಲಿ ಯಾವ ಕೀಲಿ ಎಲ್ಲಿದೆ ಅಂತ ನನಗೆ ಗೊತ್ತು. ಮೈಮೇಲೇ ಇಟ್ಟುಕೋ. ಎದ್ದಾಗಿಂದ ಮಲಗೋವರೆಗೂ. ಮಲಗುವಾಗಲೂ. ಒಂದು ದಿನ ನಾನು ಕೇಳ್ತೀನಿ ನೆಲ್. ಕೈಮುಗಿದು ಕೇಳಿದ್ರೂ ಕೊಡಬೇಡ. ಬೈದ್ರೂ ಕೊಡಬೇಡ. ನೀನು ಗೋಡೆ ತೊಳೆಯೋದು ಬೇಡ ನನಗೆ."

"ಆಗಲಿ," ಎಂದಳು ನೆಲ್ಡಾ.

"ಮಾತು ಕೊಡು."

"ಕೊಟ್ಟೆ ಮಾರಾಯ. ನಡಿ ಮನೆಗೆ, ಬಿಸಿಲು."

ಪಿಸ್ತೂಲಿನ ಒರೆಯೂ ಹೊಸದು. ಪ್ಯಾಂಟಿನ ಒಳಗೆ ಸಿಕ್ಕಿಸಿಕೊಳ್ಳುವ ಚರ್ಮದ ಒರೆ, ಮರದ ತೊಗಟೆಯಷ್ಟು ಗಡಸು. ಖಾಲಿ ಪಿಸ್ತೂಲಿಗೆ ಬ್ರೆಡ್ಡಿನ ಪ್ಲಾಸ್ಟಿಕ್ ಚೀಲ ಸುತ್ತಿ, ಅದನ್ನು ಒರೆಯೊಳಗೆ ತುರುಕಿ ಬಿಟ್ಟರೆ ಚರ್ಮ ಹಿಗ್ಗುತ್ತದೆ ಎಂದು ರಾಯ್ಸ್ ಹೇಳಿಕೊಟ್ಟ. ಹಿಗ್ಗಿತು, ಆದರೆ ಕಿರಗುಡುವುದು ಬಿಡಲಿಲ್ಲ. ಭಾನುವಾರ ಚರ್ಚಿನಲ್ಲಿ ಅವಳು ಕೂತಾಗೊಮ್ಮೆ, ಎದ್ದಾಗೊಮ್ಮೆ ಕಿರ್ ಎನ್ನುತ್ತಿತ್ತು. ಹಿಂದಿನ ಸಾಲಿನ ಮುದುಕಿಯೊಬ್ಬಳು ಬಾಗಿ, "ಬೆಂಚು ಮುರೀತಿದೆ ಕಣಮ್ಮ, ಈ ಕಡೆ ಸರಿ" ಎಂದಳು. ಮನೆಗೆ ಬಂದು ಇದನ್ನು ಹೇಳಿದಾಗ ರಾಯ್ಸ್ ಹಾಸಿಗೆಯಲ್ಲೇ ನಕ್ಕ. ಅವನು ಜೋರಾಗಿ ನಕ್ಕದ್ದು ಅದೇ ಕೊನೆ.

ಜುಲೈ ಮುಗಿಯುವ ಹೊತ್ತಿಗೆ ಅವನ ಹಾಸಿಗೆ ಹಜಾರಕ್ಕೆ ಬಂತು. ಟ್ರೀನಾ ಎಂಬ ನರ್ಸು ವಾರಕ್ಕೆ ಮೂರು ಸಲ ಬರತೊಡಗಿದಳು. ಸಾಯುವವರನ್ನು ಅವರವರ ಮನೆಯಲ್ಲೇ ನೋಡಿಕೊಳ್ಳುವುದು ಅವಳ ಕೆಲಸ. ಕೊನೆಗಾಲದ ನೋವಿಗೆ ಕೊಡುವ ಮಾರ್ಫೀನಿನ ಪುಟ್ಟ ಶೀಶೆಗಳನ್ನು ಜೋಡಿಸಿಟ್ಟು, ನಾಲಗೆಯ ಕೆಳಗೆ ಹೇಗೆ ಹಾಕಬೇಕೆಂದು ತೋರಿಸಿದಳು. ನೆಲ್ಡಾ ಶಾಲೆಗೆ ಫೋನ್ ಮಾಡಿ, ಶಾಲೆಯ ಹೊಸ ವರ್ಷ ಶುರುವಾದರೂ ತಾನು ಬರುವುದು ತಡ ಎಂದಳು.

ಹೀಗೆ, ಬೀದಿಯ ಕಳ್ಳನಿಗೆಂದು ತಂದ ಪಿಸ್ತೂಲನ್ನು ಅವಳು ಮನೆಯೊಳಗೆ, ಕಟ್ಟಿಕೊಂಡ ಗಂಡನಿಂದ ಬಚ್ಚಿಟ್ಟುಕೊಂಡು ಓಡಾಡಿದಳು. ರಾಯ್ಸ್‌ನ ದೊಗಲೆ ಅಂಗಿಗಳನ್ನು ತೊಟ್ಟಳು, ಒಳಗಿನದು ಉಬ್ಬಿ ಕಾಣಬಾರದೆಂದು. ಬಲಗಡೆ ಪಿಸ್ತೂಲಿದ್ದರಿಂದ ಯಾವಾಗಲೂ ಎಡಗಡೆಯಿಂದ ಅವನ ಮೇಲೆ ಬಾಗುತ್ತಿದ್ದಳು. ಬೆನ್ನು ಒರೆಸುವಾಗ, ಮಗ್ಗುಲು ಬದಲಿಸುವಾಗ, ಒದ್ದೆ ಹಾಸು ತೆಗೆಯುವಾಗ ಅದು ಪಕ್ಕೆಗೆ ಒತ್ತಿ ಒತ್ತಿ ಅಲ್ಲಿ ಕಂದು ಗುರುತು ಬಿತ್ತು. ಆಗಸ್ಟ್‌ನ ಸೆಕೆಗೆ ಬೆವರು ಧಾರೆಯಾಗಿ ಇಳಿಯುತ್ತಿತ್ತು. ಅವನು ಮಂಪರಿನಲ್ಲಿದ್ದಾಗ ಬಚ್ಚಲಿಗೆ ಹೋಗಿ, ಚಿಲಕ ಹಾಕಿ, ತೊಳೆಯುವ ಬಟ್ಟೆಗಳ ರಾಶಿಯ ಮೇಲೆ ಪಿಸ್ತೂಲನ್ನು ಬಿಚ್ಚಿ ಒರೆಸುತ್ತಿದ್ದಳು. ಎಣ್ಣೆಯ ವಾಸನೆ ಹಜಾರಕ್ಕೆ ಹೋದೀತೆಂದು ಕಿಟಕಿ ತೆರೆದಿಡುತ್ತಿದ್ದಳು.

ಅವನು ಕೇಳಿದ್ದು ಒಂದು ಮಧ್ಯಾಹ್ನ. ಟ್ರೀನಾ ಬಂದು ಹೋಗಿ ಸ್ವಲ್ಪ ಹೊತ್ತಾಗಿತ್ತು. ಔಷಧಿ ಹಾಕಿದರೂ ನೋವು ಇಳಿದಿರಲಿಲ್ಲ. ನೆಲ್ಡಾ ಅವನ ತುಟಿಗೆ ಒದ್ದೆ ಹತ್ತಿ ತಾಗಿಸುತ್ತಿದ್ದಳು.

"ನೆಲ್. ಅದು ಎಲ್ಲಿದೆ?"

"ಯಾವುದು?"

"ನಿನಗೆ ಗೊತ್ತು."

ಅವಳು ಹತ್ತಿಯನ್ನು ಬಟ್ಟಲಲ್ಲಿ ಅದ್ದಿದಳು. "ಟ್ರೀನಾಗೆ ಫೋನ್ ಮಾಡ್ತೀನಿ. ಔಷಧಿ ಜಾಸ್ತಿ ಮಾಡ್ತಾಳೆ."

"ಔಷಧಿ ಬೇಡ. ಸಾಕಾಯ್ತು ಕಣೇ. ಕೊಟ್ಟುಬಿಡು. ನೀನು ಹೊರಗೆ ಹೋಗು, ತೋಟದಲ್ಲಿ ಟೊಮೇಟೊ ಕೀಳ್ತಾ ಇರು."

"ನೀನೇ ಹೇಳಿದ್ದೆ ರಾಯ್ಸ್, ಕೊಡಬೇಡ ಅಂತ. ಮಾತು ತಗೊಂಡಿದ್ದೆ."

"ಅದನ್ನ ಹೇಳಿದವನು ಬೇರೆ! ಅವನು ಪಿಕಪ್ಪಿನ ಮೇಲೆ ಕೂತು ಕಾಲಾಡಿಸ್ತಾ ಹೇಳಿದ. ಅವನಿಗೇನು ಗೊತ್ತಿತ್ತು ಇದು?" ಅವನು ಏಳಲು ನೋಡಿದ. ಆಗಲಿಲ್ಲ. "ನಮ್ಮ ನಾಯಿ ರಸ್ಟಿ ನರಳುವಾಗ ನೀನೇ ಅಲ್ವಾ ಅಳ್ತಾ ಹೇಳಿದ್ದು, ಮುಗಿಸಿಬಿಡು ರಾಯ್ಸ್, ನೋಡೋಕಾಗಲ್ಲ ಅಂತ? ನಾಯಿಗೆ ಇದ್ದ ಕರುಣೆ ನನಗಿಲ್ವಾ?"

ನೆಲ್ಡಾ ಕುರ್ಚಿಯಿಂದ ಎದ್ದಳು. ಪಿಸ್ತೂಲು ಅವನ ಕೈಯಿಂದ ಒಂದು ಮೊಳ ದೂರದಲ್ಲಿ, ಅವನದೇ ಅಂಗಿಯ ಕೆಳಗಿತ್ತು.

"ಇಲ್ಲ ರಾಯ್ಸ್."

"ದಯವಿಟ್ಟು."

"ಇಲ್ಲ."

ಅವನು ಅವಳನ್ನು ನೋಡಿದ ನೋಟ ಆ ಮೂವತ್ತು ವರ್ಷಗಳಲ್ಲಿ ಒಮ್ಮೆಯೂ ನೋಡಿದ್ದಲ್ಲ. "ಹೋಗು ನನ್ನ ಕಣ್ಣೆದುರಿಂದ," ಎಂದ. "ನಿನ್ನಂಥ ಕಲ್ಲು ಹೆಂಗಸಿನ ಜೊತೆ ಬಾಳಿದ್ನಲ್ಲ. ಬೇರೆ ಯಾರನ್ನ ಕಟ್ಟಿಕೊಂಡಿದ್ರೂ ಇಷ್ಟು ಹೊತ್ತಿಗೆ ಅಯ್ಯೋ ಅಂತಿದ್ಲು."

ನೆಲ್ಡಾ ಜಗಲಿಗೆ ಹೋಗಿ ಮೆಟ್ಟಿಲ ಮೇಲೆ ಕೂತಳು. ಕೂತಾಗ ಒರೆ ಸದ್ದು ಮಾಡಲಿಲ್ಲ. ಚರ್ಮ ಅಷ್ಟು ಹೊತ್ತಿಗೆ ಅವಳ ಮೈಗೆ ಒಗ್ಗಿಹೋಗಿತ್ತು. ಒಳಗಿನಿಂದ ಅವನ ನರಳಾಟ ಕೇಳುತ್ತಲೇ ಇತ್ತು. ಫೋನ್ ಮಾಡಿದಳು. ಟ್ರೀನಾ ಅರ್ಧ ದಾರಿಯಿಂದ ಗಾಡಿ ತಿರುಗಿಸಿ ಬಂದು, ಡಾಕ್ಟರ ಜೊತೆ ಮಾತಾಡಿ ಔಷಧಿ ಹೆಚ್ಚಿಸಿದಳು. ಸ್ವಲ್ಪ ಹೊತ್ತಿನಲ್ಲಿ ರಾಯ್ಸ್ ಮಲಗಿದ.

ಅಡುಗೆಮನೆಯಲ್ಲಿ ನೆಲ್ಡಾ ನಡೆದದ್ದನ್ನೆಲ್ಲ ಹೇಳಿದಳು. ಟ್ರೀನಾ ಕೇಳಿಸಿಕೊಂಡು, "ಅದು ಈಗ ಎಲ್ಲಿದೆ?" ಎಂದಳು. ನೆಲ್ಡಾ ಸೊಂಟ ತಟ್ಟಿ ತೋರಿಸಿದಳು.

"ನೀವು ಮಾಡಿದ್ದು ಸರಿ. ಆದ್ರೆ ಅದನ್ನ ಮನೆಯಿಂದ ಆಚೆ ಕಳಿಸಿಬಿಡಿ. ನೀವೂ ಎಷ್ಟು ಅಂತ ತಡ್ಕೋತೀರಿ? ಯಾರಾದ್ರೂ ಇದಾರಾ ಇಟ್ಟುಕೊಳ್ಳೋಕೆ?"

"ಇವನ ತಮ್ಮ ಇದಾನೆ."

ಆದರೆ ಡೆಲ್ಬರ್ಟ್ ಫೋನ್ ಎತ್ತಲಿಲ್ಲ. ಅವತ್ತೂ ಎತ್ತಲಿಲ್ಲ, ಮರುದಿನವೂ ಎತ್ತಲಿಲ್ಲ. ಅದಕ್ಕೂ ಮುಂಚಿನಿಂದಲೇ ಅವನು ಮನೆ ಕಡೆ ಬರುವುದನ್ನು ಬಿಟ್ಟಿದ್ದ. ಅವನ ಹೆಂಡತಿ ಒಮ್ಮೆ ಬಂದು ಪಾತ್ರೆ ತುಂಬ ಬೀನ್ಸ್ ಇಟ್ಟು, ಕಣ್ಣು ತಪ್ಪಿಸಿ ಹೋಗಿದ್ದಳು. ಒಡಹುಟ್ಟಿದವನು ಸಾಯುತ್ತಿರುವಾಗ ಹಸು ಮೇಯಿಸಿಕೊಂಡು ಕೂತಿದ್ದಾನಲ್ಲ ಎಂದು ನೆಲ್ಡಾಳಿಗೆ ಅವನ ಮೇಲೆ ರೋಷ ಹುಟ್ಟಿತು. ರಾಯ್ಸ್‌ನನ್ನು ಒಬ್ಬನೇ ಬಿಟ್ಟು ಹುಲ್ಲುಗಾವಲಿನವರೆಗೆ ಹೋಗಿ ಬರುವಂತೆಯೂ ಇರಲಿಲ್ಲ. ಪಿಸ್ತೂಲು ಅವಳ ಮೈಮೇಲೇ ಉಳಿಯಿತು.

ಆ ಮಧ್ಯಾಹ್ನದ ಮೇಲೆ ರಾಯ್ಸ್ ಹೆಂಡತಿಯ ಜೊತೆ ಮಾತು ಬಿಟ್ಟ. ಟ್ರೀನಾ ಕೇಳಿದರೆ ಹೂಂ, ಉಹೂಂ ಎನ್ನುತ್ತಿದ್ದ. ನೆಲ್ಡಾ ಬಂದರೆ ಮುಖ ಗೋಡೆಗೆ. ನೀರು ಕೊಟ್ಟರೆ ಕುಡಿಯುತ್ತಿದ್ದ, ಔಷಧಿಗೆ ಬಾಯಿ ತೆರೆಯುತ್ತಿದ್ದ, ಆದರೆ ಒಂದು ಮಾತಿಲ್ಲ. ಬಾಯಿಬಡುಕನ ಮನೆ ಅಷ್ಟು ಸುಮ್ಮನಿದ್ದದ್ದು ಅವಳಿಗೆ ಗೊತ್ತೇ ಇರಲಿಲ್ಲ. ಅವಳೇ ಮಾತಾಡಿದಳು. ತೋಟದ ಟೊಮೇಟೊಗೆ ಹುಳು ಬಿತ್ತು ಎಂದಳು. ಪಾದ್ರಿಯ ಹೆಂಡತಿ ಮತ್ತೆ ಅದೇ ಒಣಕಲು ಕೇಕು ಕಳಿಸಿದ್ದಾಳೆ ಎಂದಳು. ಒಮ್ಮೆ ಮಾತ್ರ ತಡೆಯಲಾರದೆ, "ಬೈದಾದ್ರೂ ಬಿಡೋ, ಸುಮ್ಮನಿರಬೇಡ" ಎಂದಳು. ಅವನು ಕಣ್ಣು ಮುಚ್ಚಿಕೊಂಡ.

ಸೆಪ್ಟೆಂಬರಿನ ಒಂದು ಬೆಳಗ್ಗೆ ಅವನ ದಿಂಬಿನ ಚೀಲ ಬದಲಿಸುತ್ತಿದ್ದಳು. ನಿದ್ದೆಗೆಟ್ಟು ನಿದ್ದೆಗೆಟ್ಟು ಅವಳಿಗೆ ಎಡಬಲದ ಎಚ್ಚರವೂ ತಪ್ಪಿತ್ತು. ಬಲಗಡೆಯಿಂದಲೇ ಬಾಗಿದಳು. ರಾಯ್ಸ್‌ನ ಕೈ ಎದ್ದು ಅವಳ ಸೊಂಟಕ್ಕೆ ತಾಗಿತು. ಅಂಗಿಯ ಮೇಲಿಂದಲೇ ಆ ಗಟ್ಟಿಯಾದದ್ದರ ಮೇಲೆ ಅಂಗೈ ನಿಂತಿತು.

ನೆಲ್ಡಾ ಹಿಂದೆ ಸರಿಯಲಿಲ್ಲ. ಅವನ ಕೈಯಲ್ಲಿ ಏನನ್ನೂ ಕಿತ್ತುಕೊಳ್ಳುವ ಬಲ ಇರಲಿಲ್ಲ. ಒಣಗಿದ ಎಲೆಯಷ್ಟು ಹಗುರ.

"ಬೆವರು," ಎಂದ ಅವನು. ಎಷ್ಟೋ ದಿನಗಳ ಮೇಲಿನ ಮಾತು, ಗಂಟಲಲ್ಲೇ ತಡವರಿಸಿತು. "ಬೆವರಿಗೆ ತುಕ್ಕು ಹಿಡಿಯುತ್ತೆ. ಒರೆಸ್ತಾ ಇದೀಯಾ?"

"ಹೂಂ. ದಿನಾ ಒರೆಸ್ತೀನಿ."

"ಸ್ಕ್ರೂಗಳ ಸಂದೀಲಿ ನೋಡು."

"ನೋಡ್ತೀನಿ ರಾಯ್ಸ್."

ಅವಳು ಕಾದಳು. ಇನ್ನೊಂದು ಮಾತು ಬರುತ್ತದೆಂದು ಕಾದಳು. ಕೊಡದೆ ಒಳ್ಳೇದು ಮಾಡಿದೆ ಎನ್ನಬಹುದು, ಅಥವಾ ಅವತ್ತು ಅಂದದ್ದನ್ನು ಮರೆತುಬಿಡು ಎನ್ನಬಹುದು, ಬರೀ ನೆಲ್ ಎಂದು ಕರೆದರೂ ಸಾಕಿತ್ತು. ಅವನ ಕೈ ಮೆಲ್ಲಗೆ ಜಾರಿ ಹೊದಿಕೆಯ ಮೇಲೆ ಬಿತ್ತು. ಕಣ್ಣು ಮುಚ್ಚಿತು. ಅಂದಿನ ನಂತರ ಅವನಿಗೆ ನೆಟ್ಟಗೆ ಎಚ್ಚರವೇ ಆಗಲಿಲ್ಲ. ಎರಡು ದಿನ ಬಿಟ್ಟು, ಟ್ರೀನಾ ಅವನ ನಾಡಿ ಹಿಡಿದು ಕೂತಿದ್ದಾಗ, ನೆಲ್ಡಾ ಅವನ ಪಾದಗಳನ್ನು ಉಜ್ಜುತ್ತಿದ್ದಾಗ, ಉಸಿರು ನಿಂತಿತು. ಮುಖದಲ್ಲಿ ನೋವಿರಲಿಲ್ಲ ಎಂದು ಟ್ರೀನಾ ಹೇಳಿದಳು. ನೆಲ್ಡಾ ಆ ಮುಖದಲ್ಲಿ ಹುಡುಕಿದ್ದು ಬೇರೆಯದನ್ನು. ಅದು ಸಿಗಲಿಲ್ಲ.

ಮಣ್ಣಿನ ದಿನ ಚರ್ಚಿನ ಹೆಂಗಸರು ಮನೆ ತುಂಬ ಊಟ ತಂದಿಟ್ಟರು. ಕೋಳಿ, ಆಲೂಗಡ್ಡೆ, ಮೂರು ಥರದ ಬೀನ್ಸು. ಡೆಲ್ಬರ್ಟ್ ಸ್ಮಶಾನದಲ್ಲಿ ಹಿಂದೆ, ಮರದ ಬಳಿ ನಿಂತಿದ್ದ. ಜನವೆಲ್ಲ ಹೋದ ಮೇಲೆ ಮನೆಗೆ ಬಂದ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, ಅಡುಗೆಮನೆಯ ಬಾಗಿಲಲ್ಲೇ ನಿಂತ.

ನೆಲ್ಡಾ ಪಾತ್ರೆ ತೊಳೆಯುತ್ತಿದ್ದಳು. ತಿರುಗಲಿಲ್ಲ. "ಈಗ ಬಂದ್ಯಾ? ಹಸುಗಳೆಲ್ಲ ಸೌಖ್ಯವಾ?"

"ನೆಲ್ಡಾ..."

"ಎಷ್ಟು ಸಲ ಫೋನ್ ಮಾಡಿದೆ ನಿನಗೆ! ನಿನ್ನ ಅಣ್ಣ ಕಣೋ ಅವನು. ಬಾಗಿಲ ಕಡೆನೇ ನೋಡ್ತಿದ್ದ ದಿನಾ."

"ನನಗೆ ಗೊತ್ತು," ಎಂದ ಡೆಲ್ಬರ್ಟ್. "ಯಾಕೆ ನೋಡ್ತಿದ್ದ ಅಂತಲೂ ಗೊತ್ತು."

ಅವಳು ನಲ್ಲಿ ನಿಲ್ಲಿಸಿದಳು.

"ನನಗೆ ಫೋನ್ ಮಾಡ್ತಿದ್ದ ನೆಲ್ಡಾ. ನೀನು ಬಚ್ಚಲಲ್ಲಿದ್ದಾಗ, ತೋಟದಲ್ಲಿದ್ದಾಗ. ಒಂದೇ ಒಂದು ತಗೊಂಡು ಬಾ, ಅಪ್ಪನ ಶಾಟ್‌ಗನ್ನೇ ತಗೊಂಡು ಬಾ, ಹಾಸಿಗೆ ಕೆಳಗಿಟ್ಟು ಹೋಗು ಅಂತ. ಚಿಕ್ಕ ಮಗು ಥರ ಅಳ್ತಿದ್ದ. ಮೊದಲನೆ ಸಲ ಆಗಲ್ಲ ಅಂದೆ. ಎರಡನೆ ಸಲ..." ಡೆಲ್ಬರ್ಟ್‌ನ ಬೆರಳುಗಳು ಟೋಪಿಯ ಅಂಚನ್ನು ತಿರುಗಿಸುತ್ತಿದ್ದವು. "ಎರಡನೆ ಸಲ ಬಂದೂಕು ಪಿಕಪ್ಪಿನಲ್ಲಿ ಇಟ್ಟುಕೊಂಡು ನಿಮ್ಮ ರಸ್ತೆ ತಿರುವಿನವರೆಗೂ ಬಂದಿದ್ದೆ. ಅಲ್ಲಿ ನಿಲ್ಲಿಸಿ ಬಹಳ ಹೊತ್ತು ಕೂತಿದ್ದೆ. ಆಮೇಲೆ ವಾಪಸ್ ಹೋದೆ. ಅವನ ಮುಖ ನೋಡಿದ್ರೆ ಕೊಟ್ಟುಬಿಡ್ತೀನಿ ಅಂತ ಹೆದರಿ ಬರೋದೇ ಬಿಟ್ಟೆ. ಫೋನೂ ಎತ್ತಲಿಲ್ಲ. ನಿನ್ನ ಫೋನಿಂದಲೇ ಮಾಡ್ತಿದ್ದ, ಮಾಡ್ತಿರೋದು ನೀನೋ ಅವನೋ ಅಂತ ನನಗೇನು ಗೊತ್ತಾಗುತ್ತೆ?"

ನೆಲ್ಡಾ ಒದ್ದೆ ಕೈಗಳನ್ನು ಹಾಗೇ ಇಳಿಬಿಟ್ಟು ನಿಂತಿದ್ದಳು. "ನನ್ನನ್ನೂ ಕೇಳಿದ," ಎಂದಳು. "ಕೊಡಲಿಲ್ಲ ಅಂತ ನನ್ನ ಜೊತೆ ಮಾತು ಬಿಟ್ಟ."

"ಆ ಪಿಸ್ತೂಲು ಎಲ್ಲಿ ಬಚ್ಚಿಟ್ಟಿದ್ದೆ?"

ಅವಳು ಕರಿಯ ಉಡುಪಿನ ಮೇಲೆ ಹಾಕಿದ್ದ ಕೋಟನ್ನು ಸರಿಸಿದಳು. ಗಂಡನ ಮಣ್ಣಿಗೂ ಅದನ್ನು ಕಟ್ಟಿಕೊಂಡೇ ಹೋಗಿದ್ದಳು. ತೆಗೆಯಬೇಕೆಂಬುದು ಹೊಳೆದೇ ಇರಲಿಲ್ಲ.

ಡೆಲ್ಬರ್ಟ್ ಕುರ್ಚಿ ಎಳೆದು ಕೂತ. ಟೋಪಿಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಇಬ್ಬರೂ ಬೇರೆ ಬೇರೆಯಾಗಿ ಇಲ್ಲ ಎಂದಿದ್ದರು, ರಾಯ್ಸ್ ಇಬ್ಬರ ಮೇಲೂ ಮುನಿಸಿಕೊಂಡೇ ಹೋಗಿದ್ದ. ಒಬ್ಬರದು ಇನ್ನೊಬ್ಬರಿಗೆ ಗೊತ್ತಿದ್ದರೆ ಆ ಹಜಾರದಲ್ಲಿ ಕಡೇಪಕ್ಷ ಇಬ್ಬರಾಗಿ ಕೂರಬಹುದಿತ್ತು. ನೆಲ್ಡಾ ಅವನ ಹೆಗಲ ಮೇಲೆ ಕೈಯಿಟ್ಟಳು. ಅವಳಿಗೆ ಅಳು ಬರಲಿಲ್ಲ. ಅದು ಬಂದದ್ದು ತಿಂಗಳಾದ ಮೇಲೆ, ಶಾಲೆಯಲ್ಲಿ, ಬಟಾಣಿಯ ದೊಡ್ಡ ಡಬ್ಬಿ ತೆರೆಯುತ್ತಿದ್ದಾಗ. ಅವಳನ್ನು ಉಗ್ರಾಣದಲ್ಲಿ ಕೂರಿಸಿ, ಉಳಿದವರೇ ಮಕ್ಕಳಿಗೆ ಬಡಿಸಿದರು.

ನವೆಂಬರಿನಲ್ಲಿ ಬೇಗ ಕತ್ತಲಾಗತೊಡಗಿತು. ಒಂದು ಶನಿವಾರ ನೆಲ್ಡಾ ಡೆಲ್ಬರ್ಟ್‌ನ ಮನೆಗೆ ಹೋದಳು. ಅವನು ಕೊಟ್ಟಿಗೆಯಲ್ಲಿ ಹುಲ್ಲಿನ ಕಟ್ಟು ಬಿಚ್ಚುತ್ತಿದ್ದ. ಅವಳು ಒರೆಯ ಸಮೇತ ಪಿಸ್ತೂಲನ್ನು ತೆಗೆದು ಅವನ ಮುಂದೆ ಹಿಡಿದಳು. ಗುಂಡು ತೆಗೆದಿದ್ದಳು. ಒರೆಸಿ, ಸಂದುಗಳಿಗೆಲ್ಲ ಎಣ್ಣೆ ತೋರಿಸಿ ತಂದಿದ್ದಳು.

"ಸ್ವಲ್ಪ ದಿನ ನಿನ್ನ ಹತ್ರ ಇರಲಿ."

ಡೆಲ್ಬರ್ಟ್ ಅದನ್ನು ನೋಡಿದ, ಅವಳನ್ನು ನೋಡಿದ. "ಕೆಟ್ಟುಹೋಯ್ತಾ?"

"ಅದಕ್ಕೇನಾಗಿದೆ. ಚೆನ್ನಾಗೇ ಇದೆ."

ಅವನಿಗೆ ಅರ್ಥವಾಯಿತು. ಕೈ ಒರೆಸಿಕೊಂಡು ತೆಗೆದುಕೊಂಡ. "ಅಷ್ಟು ಕಷ್ಟ ಆಗ್ತಿದೆಯಾ?"

"ಕೆಲವು ದಿನ," ಎಂದಳು ನೆಲ್ಡಾ. "ಸಂಜೆ ಹೊತ್ತು. ಕಲ್ಲು ಹೆಂಗಸು ಅಂತ ಅವನು ಅಂದದ್ದೇ ಕೇಳುತ್ತೆ."

"ಒಳಗೆ ಬಾ. ಊಟ ಮಾಡ್ಕೊಂಡು ಹೋಗು."

ಅವಳು ಊಟ ಮಾಡಿದಳು. ಅವತ್ತು ರಾತ್ರಿ ಅಲ್ಲೇ ಮಲಗಿದಳು. ಡೆಲ್ಬರ್ಟ್‌ನ ಹೆಂಡತಿ ಅವಳನ್ನು ಟ್ರೀನಾ ಹೆಸರು ಕೊಟ್ಟಿದ್ದ ಮನೋವೈದ್ಯರ ಬಳಿಗೂ ಕರೆದುಕೊಂಡು ಹೋದಳು. ಆ ಸೋಮವಾರದಿಂದ ನೆಲ್ಡಾ ಕತ್ತಲಲ್ಲಿ ಶಾಲೆಗೆ ಹೊರಟು ಜಲ್ಲಿ ರಸ್ತೆ ದಾಟುವಾಗ ಡೆಲ್ಬರ್ಟ್‌ನ ಫೋನ್ ಬರುತ್ತದೆ. ಅವನಿಗೆ ಮಾತು ಬರುವುದಿಲ್ಲ, ಅಣ್ಣನಂತಲ್ಲ.

"ಹೊರಟ್ಯಾ?"

"ಹೊರಟೆ."

"ಇವತ್ತೇನು ಮಕ್ಕಳಿಗೆ?"

"ಮೀನಿನ ತುಂಡು, ಜೋಳ."

"ಮತ್ತೆ ಅದೇನಾ?"

"ಹೂಂ, ಮತ್ತೆ ಅದೇ."

ಆಮೇಲೆ ಇಬ್ಬರೂ ಸುಮ್ಮನಾಗುತ್ತಾರೆ. ಫೋನ್ ಇಡುವುದಿಲ್ಲ. ಅವಳ ಗಾಡಿ ಡಾಂಬರು ರಸ್ತೆಗೆ ಏರಿ, ಶಾಲೆಯ ದೀಪಗಳು ಕಾಣುವವರೆಗೂ ಡೆಲ್ಬರ್ಟ್ ಆ ಕಡೆ ಹಸುಗಳ ನಡುವೆ ನಿಂತಿರುತ್ತಾನೆ.